ಮಾವನ ಎಡಗೈ ಸುಟ್ಟದ್ದು

ಸೊಸೆಯ ಮೇಲೆ ಸಂಶಯ ಬೀಳಬೇಕಾದರೆ ದೊಡ್ಡ ಕಾರಣವೇನೂ ಬೇಕಿಲ್ಲ. ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚಾದರೂ ಸಾಕು. ಆದರೆ ನ್ಯಾಮತಿಯ ಚೌಡೇಶ್ವರಿಯ ಮೇಲೆ ಬಿದ್ದದ್ದು ಉಪ್ಪಿನ ಸಂಶಯವಲ್ಲ. ಎಪ್ಪತ್ತು ದಾಟಿದ ಮಾವನ ಕೈಗೆ ಬರೆ ಎಳೆದಳು ಎಂಬ ಸಂಶಯ. ಹನ್ನೊಂದು ವರ್ಷ ಆ ಮನೆಯಲ್ಲಿ ರೊಟ್ಟಿ ಬಡಿದವಳಿಗೆ ಇಂಥ ಹೆಸರು ಬಂತೆಂದರೆ ಯಾರ ಹೊಟ್ಟೆಯಾದರೂ ಉರಿಯಬೇಕಾದದ್ದೇ.

ಎಲ್ಲಕ್ಕೂ ಮೂಲ ಒಂದು ಗಡಿಯಾರ. ಸಂಕ್ರಾಂತಿ ಕಳೆದ ವಾರ ಮಾವ ಶಿವಮೂರ್ತಪ್ಪ ಬಸ್ ನಿಲ್ದಾಣದಲ್ಲಿ ತಲೆ ಸುತ್ತಿ ಕೂತುಬಿಟ್ಟರು. ಮಗ ಓಂಕಾರ್ ಅವರನ್ನು ಶಿವಮೊಗ್ಗಕ್ಕೆ ಕರೆದೊಯ್ದು ತೋರಿಸಿದ. ಹೃದಯಕ್ಕೆ ಏನೂ ಆಗಿಲ್ಲ, ಬಿಪಿ ಮಾತ್ರೆ ತಪ್ಪಿಸಬೇಡಿ ಎಂದರು ಅಲ್ಲಿಯ ಡಾಕ್ಟರು. ಆದರೆ ಹೊನ್ನಾಳಿಗೆ ಕೊಟ್ಟ ಮಗಳು ಅನಿತಾಳಿಗೆ ಸಮಾಧಾನ ಆಗಬೇಕಲ್ಲ! ಮುಂದಿನ ಭಾನುವಾರವೇ ಬಂದು ಅಪ್ಪನ ಎಡಗೈಗೆ ಕರಿ ರಬ್ಬರ್ ಪಟ್ಟಿಯ ಸ್ಮಾರ್ಟ್ ವಾಚು ಕಟ್ಟಿದಳು.

“ಅಪ್ಪಾಜಿ, ನಿಮ್ಮ ಎದೆಬಡಿತ, ನೀವು ನಡೆದಿದ್ದು, ಮಲಗಿದ್ದು ಎಲ್ಲಾನೂ ಇದು ನನ್ನ ಫೋನಿಗೆ ಕಳಿಸ್ತೈತೆ. ಸ್ನಾನಕ್ಕೂ ಬಿಚ್ಚಬೇಡ್ರಿ. ನೀರು ಬಿದ್ರೆ ಏನೂ ಆಗಲ್ಲ.”

“ಮಲಗುವಾಗ?”

“ಆಗಲೂ ಬೇಡ. ವಾರಕ್ಕೊಂದು ಸಲ ಚಾರ್ಜಿಗೆ ಹಾಕುವಾಗ ಬಿಚ್ಚಿದ್ರೆ ಸಾಕು. ನಡುವೆ ಬಿಚ್ಚಿದ್ರೆ ನಂಗೆ ಗೊತ್ತಾಗೇ ಆಗ್ತೈತೆ.”

ಈ ಕೊನೆಯ ಮಾತನ್ನು ಅನಿತಾ ಅಪ್ಪನಿಗೆ ಹೇಳಿದಳೋ, ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ತನಗೆ ಹೇಳಿದಳೋ ಎಂದು ಚೌಡೇಶ್ವರಿಗೆ ಅವತ್ತೇ ಅನುಮಾನ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಾವನ ಊಟ, ಮಾತ್ರೆ, ಬಟ್ಟೆ ಎಲ್ಲ ಅವಳದೇ. ಅದರ ಜೊತೆಗೆ ಪೇಟೆಯ ಖಾನಾವಳಿಗೆ ದಿನಾ ಎಂಬತ್ತು ಜೋಳದ ರೊಟ್ಟಿ. ಓಂಕಾರನದು ಮೋಟರ್ ರಿವೈಂಡಿಂಗ್ ಅಂಗಡಿ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೇ ಮನೆ. ಪುಟ್ಟ ಮಗಳಿಗೆ ಶಾಲೆ. ಹೊನ್ನಾಳಿಯಿಂದ ಅನಿತಾ ನೋಡಬೇಕೆಂದರೆ ನೋಡುವುದಕ್ಕೆ ಆ ಮನೆಯಲ್ಲಿ ಚೌಡೇಶ್ವರಿ ಬಿಟ್ಟರೆ ಇನ್ನು ಯಾರಿದ್ದರು?

ಸೋಮವಾರದಿಂದ ಫೋನು ಶುರುವಾಯಿತು. ದಿನಕ್ಕೆ ಮೂರು ಸಲ.

“ಚೌಡಮ್ಮ, ಹತ್ತು ಗಂಟೆಗೆ ಅಪ್ಪಾಜಿ ಎದೆಬಡಿತ ನೂರಾ ಹತ್ತಕ್ಕೆ ಹೋಗಿತ್ತಲ್ಲ, ಏನಾತು? ಯಾರಾದ್ರೂ ಏನಾದ್ರೂ ಅಂದ್ರಾ?”

“ಯಾರೂ ಏನೂ ಅಂದಿಲ್ಲ ಅನಿತಕ್ಕ. ಟೀವಿಯಾಗೆ ಕ್ರಿಕೆಟ್ ನೋಡ್ತಿದ್ರು.”

“ನಿನ್ನೆ ನಾಲ್ಕೇ ತಾಸು ಮಲಗ್ಯಾರೆ. ಊಟ ಎಷ್ಟೊತ್ತಿಗೆ ಕೊಟ್ಟೆ?”

“ಎಂಟಕ್ಕೇ ಕೊಟ್ಟೀನಿ.”

“ಏನು ಮಾಡಿದ್ದೆ?”

“ಅನ್ನ, ಬೇಳೆ ಸಾರು, ಮೆಂತ್ಯೆ ಪಲ್ಯ.”

“ಹೂಂ” ಎಂದು ಎಳೆದಳು ಅನಿತಾ. ಆ ಹೂಂಕಾರ ಇಡೀ ದಿನ ಚೌಡೇಶ್ವರಿಯ ಕಿವಿಯಲ್ಲೇ ಉಳಿಯಿತು.

ಗಡಿಯಾರ ಬರೀ ಎದೆಬಡಿತ ನೋಡುತ್ತದೆಯೋ, ಮಾತನ್ನೂ ಕೇಳುತ್ತದೆಯೋ? ಇದೊಂದು ಹುಳ ಅವಳ ತಲೆ ಹೊಕ್ಕಿತು. ಗಂಡನನ್ನು ಬೈಯಬೇಕೆಂದರೆ ಹಿತ್ತಲಿಗೆ ಕರೆದಳು. ಮಾವ ಅಡುಗೆಮನೆಗೆ ಬಂದರೆ ಬಾಯಿ ಮುಚ್ಚಿದಳು. ಒಂದು ದಿನ ಅವರ ಕೈಮೇಲೆ ಟವೆಲ್ ಹೊದಿಸಿ, “ಗಾಳಿ ಬೀಸ್ತೈತೆ ಮಾವ, ಬೆಚ್ಚಗಿರ್ರಿ” ಎಂದಳು. ಫೆಬ್ರವರಿ ಬಿಸಿಲಲ್ಲಿ ಯಾವ ಗಾಳಿಯೋ! ಓಂಕಾರ್ ನಕ್ಕು ನಕ್ಕು ಸುಸ್ತಾದ.

“ಅದು ಎದೆಬಡಿತದ ಯಂತ್ರ ಕಣೆ, ಪೊಲೀಸ್ ಠಾಣೆಯಲ್ಲ.”

“ನಗ್ರಿ ನಗ್ರಿ. ದಿನಾ ಪಾಟೀಸವಾಲು ನಿಮಗಿಲ್ಲವಲ್ಲ.”

ಮಾವನಿಗೆ ಮಾತ್ರ ಗಡಿಯಾರವೆಂದರೆ ಪ್ರಾಣ. ಮಗಳ ಫೋನು ಬಂದರೆ ಜಗಲಿಗೆ ಹೋಗಿ ಹತ್ತು ನಿಮಿಷ ಮಾತಾಡಿ, ಒಳಗೆ ಬಂದು ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು. ಅದನ್ನು ನೋಡಿ, ಹೋಗಲಿ ಬಿಡು, ಇವರ ಹೊಟ್ಟೆ ತಣ್ಣಗಿದ್ದರೆ ಸಾಕು ಎಂದು ಚೌಡೇಶ್ವರಿಯೂ ಸುಮ್ಮನಾದಳು.

ಶಿವರಾತ್ರಿಯ ಹೊತ್ತಿಗೆ ಮಾವ ತುಂಬು ತೋಳಿನ ಅಂಗಿ ಹಾಕತೊಡಗಿದರು. ಬೇಸಿಗೆ ಕಾಲಿಡುತ್ತಿದ್ದಂತೆ ಬನಿಯನ್ನಿನಲ್ಲೇ ಕೂರುವ ಮನುಷ್ಯ! ಅಂಗಿ ಒಗೆಯಲು ಕೊಡಿ ಎಂದರೆ “ನಾನೇ ಒಗೀತೀನಿ” ಎನ್ನುತ್ತಿದ್ದರು. ಏನೋ ಮುಚ್ಚಿಡುತ್ತಿದ್ದಾರೆ ಎಂದು ಅವಳಿಗೆ ಅನಿಸಿತು. ಆದರೆ ಮಾವನ ತೋಳು ಸರಿಸಿ ನೋಡುವ ಸಲಿಗೆ ಯಾವ ಸೊಸೆಗಿರುತ್ತದೆ?

ಹಾಗಿರುವಾಗ ತ್ಯಾವಣಿಗೆಯಿಂದ ಮಾವನ ಅಕ್ಕ ಗಿಡ್ಡಮ್ಮ ನಾಲ್ಕು ದಿನ ಇದ್ದುಹೋಗಲು ಬಂದರು. ಬಂದ ಮಾರನೆಯ ಮಧ್ಯಾಹ್ನ ಅಕ್ಕ ತಮ್ಮ ಊಟಕ್ಕೆ ಕೂತಿದ್ದರು. ಗಡಿಯಾರ ಚಾರ್ಜಿಗೆ ಹಾಕಿತ್ತು. ಬಲಗೈ ಎಂಜಲಾಗಿದ್ದರಿಂದ ಮಾವ ಎಡಗೈ ಚಾಚಿ ಮಜ್ಜಿಗೆ ಲೋಟಕ್ಕೆ ಕೈ ಹಾಕಿದರು. ಅಂಗಿಯ ತೋಳು ಮೇಲೆ ಸರಿಯಿತು.

ಮಣಿಕಟ್ಟಿನ ಸುತ್ತ ಎರಡು ಬೆರಳಗಲ ಚರ್ಮ ಸುಲಿದು ಕೆಂಪಗಾಗಿತ್ತು. ನಡುವೆ ಕಪ್ಪು ಹಕ್ಕಳೆ, ಅಂಚಿನಲ್ಲಿ ನೀರುಗುಳ್ಳೆ.

“ಶಿವಪ್ಪಾ! ಇದೇನೋ ಕೈ? ಯಾರೋ ಬರೆ ಎಳೆದಾರೆ?” ಗಿಡ್ಡಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು.

“ಏನಿಲ್ಲ ಬಿಡಕ್ಕ.”

“ಏನಿಲ್ಲ ಅಂದ್ರೆ? ತೊಗಲೇ ಕಿತ್ತು ಬಂದೈತೆ!”

ಚೌಡೇಶ್ವರಿಯೂ ಅದನ್ನು ಕಂಡದ್ದು ಆಗಲೇ. “ಅಯ್ಯೋ ಮಾವ! ಇದು ಗಡಿಯಾರದ್ದೇ ಇರಬೇಕು. ಇನ್ನು ಕಟ್ಟಬೇಡ್ರಿ ಅದನ್ನ.”

“ಗಡಿಯಾರಕ್ಕೇನಾಗೈತೆ?” ಮಾವ ತೋಳು ಎಳೆದುಕೊಂಡರು. “ಅದು ಚೆನ್ನಾಗೈತೆ. ಅದರ ಸುದ್ದಿ ಎತ್ತಬೇಡ. ಮಜ್ಜಿಗೆ ಹಾಕು.”

ಗಿಡ್ಡಮ್ಮನ ಕಣ್ಣು ತಮ್ಮನ ಕೈ ಬಿಟ್ಟು ಚೌಡೇಶ್ವರಿಯ ಮುಂಗೈಗೆ ಬಂತು. ದಿನಾ ರೊಟ್ಟಿ ಬೇಯಿಸುವವಳ ಮುಂಗೈ ಹೇಗಿರುತ್ತದೆ ಹೇಳಿ! ಹಂಚು ತಾಗಿದ ಕಲೆ ಹಳೆಯದು ನಾಲ್ಕು, ಹೊಸದು ಎರಡು. ಅಲ್ಲಿಂದ ಆ ಕಣ್ಣು ಒಲೆಯ ಪಕ್ಕದ ಕಬ್ಬಿಣದ ಸಟ್ಟುಗಕ್ಕೆ ಹೋಯಿತು. ಅದೂ ಎರಡು ಬೆರಳಗಲವೇ ಇತ್ತು. ಮುದುಕಿ ಕೈ ತೊಳೆದು, ಎಲೆಯಡಿಕೆ ಚೀಲ ಹಿಡಿದು ಜಗಲಿಗೆ ಹೋಗಿ ಅನಿತಾಳಿಗೆ ಫೋನು ಹಚ್ಚಿದರು.

ಅವತ್ತು ಸಂಜೆ ಓಂಕಾರ್ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದ.

“ಅಪ್ಪಾಜಿ ಕೈಗೆ ಏನಾಗೈತೆ?”

“ಗಡಿಯಾರ ಕಚ್ಚೈತೆ.”

“ಅಕ್ಕ ಬೇರೇನೇ ಹೇಳ್ತಾಳೆ. ಅವಳೂ ಅಂಥದ್ದೇ ಗಡಿಯಾರ ಕಟ್ಯಾಳಂತೆ, ಅವಳ ಕೈಗೆ ಏನೂ ಆಗಿಲ್ಲಂತೆ. ದೊಡ್ಡತ್ತೇನೂ ನೋಡ್ಯಾರೆ. ಸುಟ್ಟ ಗಾಯಾನೇ ಅಂತಾರೆ.”

“ಅದಕ್ಕೆ?”

“ಅದಕ್ಕೇನಿಲ್ಲ. ಕೆಲಸದ ಗಡಿಬಿಡ್ಯಾಗೆ ಗೊತ್ತಿಲ್ದಂಗೆ ಸಟ್ಟುಗ ಏನಾದ್ರೂ ತಾಗಿತ್ತಾ? ಇದ್ದದ್ದು ಹೇಳು, ನಾನೇನೂ ಅನ್ನಾಕಿಲ್ಲ.”

ಚೌಡೇಶ್ವರಿ ಗಂಡನ ಮುಖವನ್ನೇ ನೋಡಿದಳು. ಅನಿತಾ ಅಂದದ್ದಕ್ಕೆ ಸಿಟ್ಟು ಬಂದಿತ್ತು. ಇವನು ಕೇಳಿದ್ದಕ್ಕೆ ಅಳು ಬಂತು.

“ಹನ್ನೊಂದು ವರ್ಷ ನನ್ನ ಕೈ ಅನ್ನ ಉಂಡು ಈ ಮಾತು ಕೇಳ್ತೀರಲ್ರಿ! ನಿಮಗೆ ನಾಚಿಕೆ ಆಗಲ್ವಾ? ಅಲ್ಲೇ ಕೂತಾರಲ್ಲ ನಿಮ್ಮಪ್ಪ, ಅವರನ್ನೇ ಕೇಳ್ರಿ.”

ಓಂಕಾರ್ ಕೇಳಿದ. ಮಾವ ಟೀವಿಯಿಂದ ಕಣ್ಣು ತೆಗೆಯದೆ, “ನಂಗೇನೂ ಆಗಿಲ್ಲ. ನೀವು ನೀವು ಜಗಳ ಆಡಬೇಡ್ರಿ” ಎಂದರು. ಅಷ್ಟೇ. ಸೊಸೆ ಸುಟ್ಟಿಲ್ಲ ಎಂಬ ಎರಡು ಶಬ್ದ ಅವರ ಬಾಯಿಂದ ಬರಲಿಲ್ಲ. ಹೆದರಿಕೊಂಡವರು ಹೀಗೇ ಮಾತಾಡುವುದು ಎಂದು ಗಿಡ್ಡಮ್ಮ ಗೋಡೆಗೆ ಹೇಳಿದಂತೆ ಹೇಳಿದರು.

ಓಂಕಾರ್ ತನ್ನ ವಿದ್ಯೆ ಬಿಟ್ಟಾನೆಯೇ? ಗಡಿಯಾರವನ್ನು ಮೇಜಿನ ಮೇಲೆ ಮಗುಚಿ, ಕರೆಂಟ್ ಸೋರುತ್ತದೆಯೇ ಎಂದು ಟೆಸ್ಟರ್ ಹಿಡಿದು ನೋಡಿದ. ಏನೂ ಇಲ್ಲ. ನಾಲಗೆ ಹಚ್ಚಿಯೂ ನೋಡಿದ. “ಗಡಿಯಾರದ್ದೇನೂ ತಪ್ಪಿಲ್ಲ” ಎಂದು ತೀರ್ಪು ಕೊಟ್ಟ. ಗಡಿಯಾರದ್ದು ತಪ್ಪಿಲ್ಲ ಎಂದರೆ ಯಾರದು ತಪ್ಪು? ಆ ಪ್ರಶ್ನೆ ಯಾರೂ ಕೇಳಲಿಲ್ಲ, ಎಲ್ಲರೂ ಅವಳ ಕಡೆ ನೋಡಿದರು.

ಅವತ್ತಿನಿಂದ ಆ ಮನೆಯಲ್ಲಿ ಊಟದ ಹೊತ್ತೆಂದರೆ ಪರೀಕ್ಷೆಯ ಹಾಲ್. ಗಿಡ್ಡಮ್ಮ ನಾಲ್ಕು ದಿನಕ್ಕೆ ಬಂದವರು ಹೋಗುವ ಮಾತೇ ಎತ್ತಲಿಲ್ಲ. ತಮ್ಮನ ತಟ್ಟೆಗೆ ಬಿಸಿ ಸಾರು ಬಿದ್ದರೆ ತಾವೇ ಮೊದಲು ಬೆರಳಿಟ್ಟು ನೋಡುತ್ತಿದ್ದರು. ಚೌಡೇಶ್ವರಿ ಒಲೆಯ ಮುಂದಿಂದ ಸಟ್ಟುಗ ಹಿಡಿದು ಏಳುವಂತಿಲ್ಲ, ಮುದುಕಿ ಕಣ್ಣಲ್ಲೇ ಹಿಂಬಾಲಿಸುತ್ತಿದ್ದರು. ಗಂಡನ ಜೊತೆ ಇವಳ ಮಾತು ನಿಂತಿತ್ತು. ಬುತ್ತಿ ಡಬ್ಬಿ ಬಾಗಿಲ ಪಕ್ಕ ಇಟ್ಟಿರುತ್ತಿದ್ದಳು, ಬೇಕಾದರೆ ಒಯ್ಯಲಿ.

ಇನ್ನು ಇದನ್ನು ನಾನೇ ಪತ್ತೆ ಮಾಡಬೇಕು ಎಂದುಕೊಂಡಳು ಚೌಡೇಶ್ವರಿ. ಗಡಿಯಾರದ ಬೆನ್ನಿಗೆ ಮಿಣುಕುವ ಹಸಿರು ಬೆಳಕಿನ ಮೇಲೇ ಅವಳ ಗುಮಾನಿ. ಬುಧವಾರ ಮಾವನ ಸ್ನಾನ ಪೂಜೆ ಮುಗಿದ ಮೇಲೆ, “ಚಾರ್ಜ್ ಕಮ್ಮಿ ಐತೆ, ಕೊಡ್ರಿ” ಎಂದು ಇಸಿದುಕೊಂಡು, ಒಳಗೆ ಹೋಗಿ ತನ್ನ ಎಡಗೈಗೇ ಬಿಗಿಯಾಗಿ ಕಟ್ಟಿದಳು. ಮೇಲೆ ಸೆರಗು. ಸುಡುವುದಾದರೆ ನನ್ನನ್ನೂ ಸುಡಲಿ, ಎಲ್ಲರೂ ನೋಡಲಿ! ಎಂಬತ್ತು ರೊಟ್ಟಿ ಬಡಿದಳು, ಖಾನಾವಳಿಗೆ ನಡೆದು ಹೋಗಿ ಕೊಟ್ಟು ಬಂದಳು, ನೀರು ಹಿಡಿದಳು, ಬಟ್ಟೆ ಒಗೆದಳು, ಮಗಳನ್ನು ಶಾಲೆಯಿಂದ ಕರೆತಂದಳು. ಸಂಜೆ ಬಿಚ್ಚಿ ನೋಡಿದರೆ ಮಣಿಕಟ್ಟು ನುಣ್ಣಗೆ ಇತ್ತು. ಒಂದು ಕೆಂಪು ಗೆರೆಯೂ ಇಲ್ಲ. ಮಾವ ಮಾತ್ರ ದಿನವಿಡೀ ಚಡಪಡಿಸಿ, “ಚಾರ್ಜ್ ಆತಾ? ಇನ್ನೂ ಆಗಿಲ್ವಾ?” ಎಂದು ಹತ್ತು ಸಲ ಕೇಳಿದ್ದರು.

ಗಡಿಯಾರ ಮಾವನ ಕೈಗೆ ಮರಳಿ ಐದು ನಿಮಿಷವಾಗಿರಲಿಲ್ಲ, ಫೋನು ಬಂತು.

“ಚೌಡಮ್ಮ! ಅಪ್ಪಾಜಿ ಕೈಲಿ ಏನು ಕೆಲಸ ಮಾಡಿಸ್ತಿದ್ದೀಯಾ?”

“ಯಾಕಕ್ಕ?”

“ಯಾಕಂತೆ ಯಾಕೆ! ಹದಿನಾರು ಸಾವಿರ ಹೆಜ್ಜೆ ನಡೆದಾರೆ ಇವತ್ತು! ಎದೆಬಡಿತ ನೂರಾ ಮೂವತ್ತು! ಎಪ್ಪತ್ತೆರಡು ವರ್ಷದ ಮನುಷ್ಯನ್ನ ಎತ್ತಿನಂಗೆ ದುಡಿಸ್ತೀರಾ?”

“ಅನಿತಕ್ಕ, ಅದು ಮಾವ ನಡೆದಿದ್ದಲ್ಲ, ನಾನು ನಡೆದಿದ್ದು. ಗಡಿಯಾರ ನಾನು ಕಟ್ಟಿಕೊಂಡಿದ್ದೆ.”

“ನೀನು ಯಾಕೆ ಕಟ್ಟಿಕೊಂಡಿದ್ದೆ?”

“ಸುಡ್ತೈತಾ ಅಂತ ನೋಡಾಕೆ.”

“ಸುಡ್ತಾ?”

ಏನು ಹೇಳಬೇಕು? ಸುಟ್ಟಿಲ್ಲ ಎಂದರೆ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡಂತೆ. ಸುಟ್ಟಿತು ಎಂದು ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

“ಇಲ್ಲ.”

“ಮತ್ತೆ! ನಂಗೆ ಗೊತ್ತಿತ್ತು. ಕೇಳಿಲ್ಲಿ, ಭಾನುವಾರ ಬರ್ತೀನಿ. ಅಪ್ಪಾಜಿ ಬಟ್ಟೆ ಕಟ್ಟಿಡು. ಇನ್ನು ಮೇಲೆ ಅವರು ಹೊನ್ನಾಳ್ಯಾಗೇ ಇರ್ತಾರೆ.”

ಹದಿನಾರು ಸಾವಿರ ಹೆಜ್ಜೆ ಯಾರು ನಡೆದರೂ ಜಾಸ್ತಿಯೇ, ಆ ಸೊಸೆಗೂ ಒಂದು ಎದೆ ಇದೆ ಎಂದು ಆ ಅನಿತಾಳಿಗೆ ಒಂದು ಗಳಿಗೆಯಾದರೂ ಹೊಳೆಯಬಾರದಿತ್ತೇ! ಹೊಳೆಯಲಿಲ್ಲ. ಚೌಡೇಶ್ವರಿ ಫೋನು ಕೆಳಗಿಟ್ಟು ಗೋಡೆಗೊರಗಿ ಕೂತಳು. ಮಾವ ಸುಟ್ಟ ಕೈ ಹೊತ್ತು ಈ ಮನೆ ಬಿಟ್ಟರೆ ಮುಗಿಯಿತು. ಹೊನ್ನಾಳಿ, ತ್ಯಾವಣಿಗೆ, ಜಗಳೂರಿನ ತನ್ನ ತವರು, ಎಲ್ಲ ಕಡೆ ಒಂದೇ ಮಾತು ಉಳಿಯುತ್ತದೆ: ಮಾವನನ್ನು ಸುಟ್ಟು ಓಡಿಸಿದಳು. ಮಗಳು ದೊಡ್ಡವಳಾದ ಮೇಲೂ ಈ ಮಾತು ಬೆನ್ನು ಬಿಡುವುದಿಲ್ಲ. ಭಾನುವಾರಕ್ಕೆ ಇನ್ನು ನಾಲ್ಕೇ ದಿನ.

ಒಂದೇ ಗಡಿಯಾರ. ತನ್ನನ್ನು ಸುಡಲಿಲ್ಲ, ಅನಿತಾಳನ್ನು ಸುಡಲಿಲ್ಲ, ಮಾವನನ್ನು ಮಾತ್ರ ಸುಡುತ್ತದೆ ಎಂದರೆ ಮಾವ ಮಾಡುವುದು, ತಾವಿಬ್ಬರೂ ಮಾಡದ್ದು ಏನೋ ಇರಬೇಕು. ಎರಡು ದಿನ ಅವಳು ಅವರ ನೆರಳಿನಂತೆ ತಿರುಗಿದಳು. ಗಿಡ್ಡಮ್ಮ ಅವಳನ್ನು ನೋಡುತ್ತಿದ್ದರು, ಅವಳು ಮಾವನನ್ನು ನೋಡುತ್ತಿದ್ದಳು. ಊಟದಲ್ಲಿ ಏನೂ ಕಾಣಲಿಲ್ಲ, ನಿದ್ದೆಯಲ್ಲಿ ಏನೂ ಕಾಣಲಿಲ್ಲ. ನೋಡದೆ ಉಳಿದದ್ದು ಒಂದೇ, ಬೆಳಿಗ್ಗೆ ಸಂಜೆಯ ಲಿಂಗಪೂಜೆ. ಬೆಳಿಗ್ಗೆ ಅವಳು ಹಿಟ್ಟಿಗೆ ಎಸರಿಟ್ಟು ಕೂತಿರುತ್ತಿದ್ದಳು, ಸಂಜೆ ರಾತ್ರಿಯ ಅಡುಗೆ. ದೇವರ ಕೋಣೆಯ ಬಾಗಿಲು ಮುಂದೆ ಮಾಡಿರುತ್ತಿತ್ತು.

ಶನಿವಾರ ಬೆಳಿಗ್ಗೆ ಎಸರು ಇಳಿಸಿಟ್ಟು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಳು. ಮಾವನ ಪೂಜೆ ಕದ್ದು ನೋಡುವ ಕಾಲ ಬಂತಲ್ಲ ಎಂದು ಅವಳಿಗೇ ನಾಚಿಕೆಯಾಯಿತು.

ಮಾವ ಮಿಂದು ಬಂದು ಹಾಗೇ ಕೂತಿದ್ದರು, ಕೈ ಒರೆಸಿರಲಿಲ್ಲ. ಗಡಿಯಾರವನ್ನು ಮೊಳಕೈ ಕಡೆಗೆ ತಳ್ಳಿದರು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು ಹಣೆಗೆ, ಎದೆಗೆ, ತೋಳಿಗೆ ಮೂರು ಮೂರು ಗೆರೆ ಎಳೆದು, ಕೊನೆಗೆ ಎರಡೂ ಮಣಿಕಟ್ಟಿಗೆ ಬಳಿದರು. ಎಡಗೈಗೆ ಬಳಿಯುವಾಗ ಹಲ್ಲು ಕಚ್ಚಿದರು. ಆಮೇಲೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ನೀರೆರೆದರು. ನೀರು ವಿಭೂತಿಯನ್ನು ತೊಯ್ಯಿಸಿಕೊಂಡು ಮುಂಗೈಗೆ ಹರಿಯಿತು. ಪೂಜೆ ಮುಗಿದ ಮೇಲೆ ಗಡಿಯಾರವನ್ನು ಕೆಳಗೆ ಜಾರಿಸಿ ಆ ಹಸಿ ಬೂದಿಯ ಮೇಲೆಯೇ ಪಟ್ಟಿ ಬಿಗಿದರು. ಸಂಜೆ ಪೂಜೆಯಲ್ಲೂ ಇದೇ ಅಲ್ಲವೇ! ಐದು ವಾರ, ದಿನಕ್ಕೆರಡು ಸಲ.

“ಶಿವಾ!” ಎಂದು ಅವಳು ಬಾಗಿಲು ನೂಕಿದಳು. “ರೀ, ಬರ್ರಿ ಇಲ್ಲಿ! ದೊಡ್ಡತ್ತೆ, ನೀವೂ ಬರ್ರಿ! ನೋಡ್ರಿ ನಾನು ಹೆಂಗೆ ಸುಟ್ಟೀನಿ ಅಂತ!”

ಒಂಬತ್ತಕ್ಕೆಲ್ಲ ಎಲ್ಲರೂ ಊರಿನ ಡಾಕ್ಟರ್ ಅರುಣ್ ಕುಮಾರರ ಕ್ಲಿನಿಕ್ಕಿನಲ್ಲಿದ್ದರು. ಅವರು ಕನ್ನಡಕ ಏರಿಸಿ ನೋಡಿ ತಲೆಯಾಡಿಸಿದರು.

“ಒದ್ದೆ ಬೂದಿಯಾಗೆ ಕ್ಷಾರ ಇರ್ತೈತೆ, ಸುಣ್ಣದಂಗೆ ಚರ್ಮ ತಿಂತೈತೆ. ಅದರ ಜೊತೆಗೆ ಸೋಪು, ಬೆವರು. ರಬ್ಬರ್ ಪಟ್ಟಿ ಕೆಳಗೆ ಗಾಳಿ ಆಡದಂಗೆ ಹಗಲು ರಾತ್ರಿ ಕಟ್ಟಿಟ್ಟರೆ ಚರ್ಮ ಬೇಯ್ತೈತೆ. ವಿಭೂತಿ ಹಚ್ಚಿಕೊಳ್ರಿ, ಬೇಡ ಅನ್ನಲ್ಲ. ಅದರ ಮೇಲೆ ಪಟ್ಟಿ ಬಿಗೀಬಾರದು. ಬೆಂಕಿ ಸುಟ್ಟಿದ್ದಲ್ಲ ಇದು.”

“ಸಟ್ಟುಗದ್ದೂ ಅಲ್ಲ ಅಲ್ರೀ?” ಎಂದಳು ಚೌಡೇಶ್ವರಿ, ಗಿಡ್ಡಮ್ಮನನ್ನೇ ನೋಡುತ್ತ.

“ಯಾವ ಸಟ್ಟುಗ?” ಡಾಕ್ಟರಿಗೆ ಅರ್ಥವಾಗಲಿಲ್ಲ. ಮುಲಾಮು ಬರೆಯುತ್ತ ಕೇಳಿದರು, “ಅಲ್ಲ ಯಜಮಾನ್ರೆ, ಮೊದಲ ವಾರಾನೇ ಉರಿ ಶುರುವಾಗಿರಬೇಕು. ಬಿಚ್ಚಿದ ದಿನ ಹಾಯ್ ಅನಿಸಿರಬೇಕು. ನಿಮಗೆ ಗೊತ್ತಾಗಲಿಲ್ವಾ?”

ಮಾವ ಅಂಗಿಯ ತೋಳು ಕೆಳಗೆಳೆದುಕೊಂಡರು. ಗಿಡ್ಡಮ್ಮ ಸೆರಗು ಸರಿಮಾಡಿಕೊಂಡು, ಇವತ್ತೇ ತ್ಯಾವಣಿಗೆ ಬಸ್ಸು ಹತ್ತುತ್ತೇನೆ ಎಂದರು. ಹತ್ತಿದರು ಕೂಡ. ಓಂಕಾರ್ ಅಂಗಡಿಗೆ ಹೋಗದೆ ಹೆಂಡತಿಯ ಹಿಂದೆ ಮುಂದೆ ಸುಳಿದಾಡಿ, ಖಾನಾವಳಿಗೆ ರೊಟ್ಟಿ ತಾನೇ ಒಯ್ದುಕೊಟ್ಟು ಬಂದ. ಚೌಡೇಶ್ವರಿ ಅವನ ಕಡೆ ನೋಡಲಿಲ್ಲ. ಡಾಕ್ಟರ್ ಕೇಳಿದ ಪ್ರಶ್ನೆ ಅವಳ ತಲೆಯಲ್ಲಿ ಕೊರೆಯುತ್ತಿತ್ತು.

ಸಂಜೆ ಮಾವ ಜಗಲಿಯಲ್ಲಿ ಒಬ್ಬರೇ ಕೂತಿದ್ದಾಗ ಹೋಗಿ ಎದುರಿಗೆ ನಿಂತಳು.

“ಮಾವ, ಗಡಿಯಾರದ್ದೇ ಉರಿ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಕಣವ್ವ” ಎಂದರು.

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಅನಿತಾ ಬಿಚ್ಚಿಬಿಡು ಅಂತಿದ್ಲು.” ಅವರು ಖಾಲಿ ಮಣಿಕಟ್ಟನ್ನು ನೋಡಿಕೊಂಡರು. “ಇದು ಬರೋಕೆ ಮುಂಚೆ ಅವಳು ಯುಗಾದಿಗೊಂದು, ದೀಪಾವಳಿಗೊಂದು ಫೋನ್ ಮಾಡ್ತಿದ್ಲು. ಈಗ ದಿನಕ್ಕೆ ಮೂರು ಸಲ ಮಾಡ್ತಾಳೆ. ಇದನ್ನ ಬಿಚ್ಚಿದ್ರೆ ಮತ್ತೆ ಯಾತಕ್ಕೆ ಮಾಡ್ತಾಳೆ?”

“ನಾನು ಸುಟ್ಟೆ ಅಂತ ಎಲ್ಲಾರೂ ಅಂದ್ಕೊಂಡಾರೆ ಅನ್ನೋದು?”

“ಅದೂ ಗೊತ್ತಿತ್ತು.”

“ನಿಮ್ಮ ಮಗಳ ಮೂರು ಫೋನಿಗೆ ನನ್ನ ಮಾನ ಕೊಟ್ರಲ್ಲ ಮಾವ! ನಾನೇನು ಅನ್ಯಾಯ ಮಾಡಿದ್ದೆ ನಿಮಗೆ? ಹಚ್ರಿ ಫೋನು. ಈಗಲೇ ಹಚ್ರಿ. ನನ್ನೆದುರಿಗೆ ಹೇಳ್ರಿ ಅವಳಿಗೆ.”

ಮಾವ ಮಗಳ ನಂಬರ್ ಒತ್ತಿದರು. ಚೌಡೇಶ್ವರಿಯೇ ಸ್ಪೀಕರ್ ಹಾಕಿದಳು. ಓಂಕಾರ್ ಬಾಗಿಲಿಗೆ ಬಂದು ನಿಂತ.

“ಅನಿತಾ, ನನ್ನ ಕೈ ಗಡಿಯಾರದಿಂದ ಆಗಿದ್ದವ್ವ. ವಿಭೂತಿ ಮೇಲೆ ಕಟ್ಟುತ್ತಿದ್ದೆ. ಡಾಕ್ಟರೂ ಹಂಗೇ ಅಂದ್ರು. ಚೌಡಮ್ಮಂದು ಏನೂ ತಪ್ಪಿಲ್ಲ. ನಂಗೆ ಗೊತ್ತಿದ್ದೂ ಸುಮ್ಮನಿದ್ದೆ.”

ಆ ಕಡೆ ಅನಿತಾಳ ದನಿ ತಗ್ಗಿತು.

“ಅಪ್ಪಾಜಿ, ಅವಳು ಪಕ್ಕದಾಗೆ ನಿಂತಾಳಾ? ಅವಳೇ ಹಿಂಗೆ ಹೇಳಿಸ್ತಿದ್ದಾಳಾ? ಹೆದರಬೇಡ್ರಿ. ಹೂಂ ಅನ್ರಿ ಸಾಕು. ನಾಳೆ ಬಂದು ಕರ್ಕೊಂಡು ಹೋಗ್ತೀನಿ.”

ಡಾಕ್ಟರ್ ಹೇಳಿದರೂ ಇಲ್ಲ, ಅಪ್ಪನೇ ಹೇಳಿದರೂ ಇಲ್ಲ. ಇನ್ನು ಯಾರು ಬಂದು ಹೇಳಬೇಕು?

ಮಾವ ಒಮ್ಮೆ ಸೊಸೆಯನ್ನು, ಒಮ್ಮೆ ಫೋನನ್ನು ನೋಡಿದರು. ಆ ಮನೆಯಲ್ಲಿ ಅವರು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ.

“ಹೂಂ, ಪಕ್ಕದಾಗೇ ನಿಂತಾಳೆ! ನಿಮ್ಮವ್ವ ಸತ್ತಾಗಿನಿಂದ ನನ್ನ ಪಕ್ಕದಾಗೆ ನಿಂತೋಳು ಅವಳೊಬ್ಬಳೇ. ನೀನು ಬರೋದಾದ್ರೆ ಉಣ್ಣಾಕೆ ಬಾ. ಕರ್ಕೊಂಡು ಹೋಗಾಕೆ ಬರಬೇಡ. ನಾನು ಬರಾಕಿಲ್ಲ.”

ಅಷ್ಟು ಹೇಳಿ ಅವರೇ ಫೋನು ಕತ್ತರಿಸಿದರು. ಆಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತರು. ತಿರುಗಿ ಫೋನು ಬರುತ್ತದೆ ಎಂಬ ಆಸೆ ಅವರ ಮುಖದಲ್ಲೇ ಕಾಣುತ್ತಿತ್ತು. ಬೀದಿ ದೀಪ ಹತ್ತಿತು, ಹಾಲಿನವನು ಬಂದು ಹೋದ, ಏಳು ಗಂಟೆಯ ಫೋನಿನ ಹೊತ್ತೂ ಕಳೆಯಿತು. ಫೋನು ಬರಲಿಲ್ಲ.

ಚೌಡೇಶ್ವರಿ ಒಳಗಿಂದ ಡಾಕ್ಟರ್ ಕೊಟ್ಟ ಮುಲಾಮು ತಂದು ಪಕ್ಕದಲ್ಲಿ ಕೂತಳು. ಮಾವ ತಲೆಯೆತ್ತದೆ ಕೇಳಿದರು.

“ನನ್ನ ಮೇಲೆ ಸಿಟ್ಟೈತಾ ಚೌಡಮ್ಮ?”

“ಐತೆ ಮಾವ. ಭಾಳ ಐತೆ. ಇಷ್ಟು ಬೇಗ ಹೋಗಾದಲ್ಲ ಅದು” ಎಂದಳು. “ಎಲ್ಲಿ, ಕೈ ಕೊಡ್ರಿ.”